ನಮ್ಮ ಯಜಮಾನರ ಬೀಗ

ಮೇಡಂ ನಗಲಿಲ್ಲ. ನನ್ನ ಜೀವ ಬಾಯಿಗೆ ಬಂತು.

ಹಾಸ್ಯ ಲೇಖನಗಳ ಕಟ್ಟು ಹಿಡಿದು ಪ್ರಕಾಶನದ ಮಹಡಿ ಹತ್ತಿದ್ದೇ ನನ್ನ ಮಟ್ಟಿಗೆ ದೊಡ್ಡ ಸಾಹಸ. ಕೆಳಗೆ ನಮ್ಮ ಯಜಮಾನರು ಸ್ಕೂಟರ್ ಮೇಲೆ ಕೂತಿದ್ದರು. ‘ಬೇಗ ಬಾ’ ಎಂದಿದ್ದರು. ಅವರ ‘ಬೇಗ’ ಎಷ್ಟು ಹೊತ್ತೆಂದು ಅವರಿಗೆ ಮಾತ್ರ ಗೊತ್ತು.

ಸಂಪಾದಕಿ ಮೇಡಂ ಕನ್ನಡಕ ಮೇಲೆ ತಳ್ಳಿ ಗಟ್ಟಿಯಾಗಿ ಓದಿದರು: “ನಮ್ಮ ಯಜಮಾನರಿಗೆ ಮರೆವು ಜಾಸ್ತಿ. ಹೊರಗೆ ಹೋಗುವಾಗ ಬೀಗ ಹಾಕಿಕೊಂಡೇ ಹೋಗುತ್ತಾರೆ. ಒಳಗೆ ನಾನೊಬ್ಬಳಿದ್ದೇನೆಂದು ನೆನಪಾದರೆ ತಾನೇ, ಪಾಪ!”

“ಇದಕ್ಕೆ ನಮ್ಮತ್ತಿಗೆ ಹೊಟ್ಟೆ ಹಿಡ್ಕೊಂಡು ನಕ್ರು ಮೇಡಂ,” ಎಂದೆ.

“ನಗ್ತಾರೆ. ‘ಯಜಮಾನರು’, ‘ಪಾಪ’ ಅಂತ ಬರೆದ್ರೆ ಯಾರಾದ್ರೂ ನಗ್ತಾರೆ. ಹಾಸ್ಯ ಎಷ್ಟೋ ಸಲ ಇಂಥ ಎರಡು ಮಾತಿನ ಮೇಲೇ ನಿಂತಿರುತ್ತೆ. ಒಂದ್ನಿಮಿಷ.” ಪೆನ್ಸಿಲ್ ತೆಗೆದು ಅಲ್ಲಲ್ಲಿ ಹೊಡೆದುಹಾಕಿ, ಮೇಲೆ ಏನೋ ಬರೆದು ಮತ್ತೆ ಓದಿದರು.

“ಅವನು ಹೊರಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಾನೆ. ಒಳಗೆ ನಾನಿದ್ದೇನೆ.”

ಅಯ್ಯೋ ದೇವರೇ! ನನ್ನದೇ ವಾಕ್ಯ. ಮುಂದಿನ ಹಾಳೆಗಳನ್ನೂ ಹಾಗೇ ಓದಿದರು. ಯಜಮಾನರು ನನ್ನ ಫೋನಿಗೆ ಬಕೆಟ್ಟಿನಲ್ಲಿ ಸ್ನಾನ ಮಾಡಿಸಿದ್ದು. ಮಗಳು ಶಾಲೆಯಿಂದ ತಡವಾಗಿ ಬಂದ ದಿನ ಬಾಗಿಲಲ್ಲಿ ಕೂತು ಚಾಕು ಮಸೆದದ್ದು. ಬರೆಯುವಾಗ ಎಷ್ಟು ತಮಾಷೆಯಾಗಿತ್ತು! ಈಗ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

“ಇದನ್ನ ಹಾಸ್ಯದ ಕಪಾಟಲ್ಲಿ ಇಡೋಕಾಗಲ್ಲಮ್ಮ,” ಮೇಡಂ ದನಿ ತಗ್ಗಿಸಿದರು. “ಭಯದ ಕಥೆಗಳ ಕಪಾಟು ಬೇರೆ ಇದೆ. ಮಗಳು ಈಗೆಲ್ಲಿ?”

“ಮನೇಲಿ.”

“ಬೀಗ?”

ನಾನು ಉತ್ತರಿಸುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಯಜಮಾನರು ಹಲ್ಲು ಕಿರಿಯುತ್ತ ಒಳಬಂದು, ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡರು.

“ಯಾರೇ ಇದು, ‘ಅವನು’?”

ಎಂದಿನಂತೆ ನಕ್ಕುಬಿಡೋಣ ಎಂದುಕೊಂಡೆ. ಬಾಯಿ ತೆರೆಯಿತು, ನಗು ಬರಲಿಲ್ಲ.

“ದೆವ್ವ, ಸಾರ್,” ಎಂದರು ಮೇಡಂ. “ನಿಮ್ಮನೆಯವ್ರು ದೆವ್ವದ ಕಥೆ ಬರೆದಿದ್ದಾರೆ.”

“ಇವಳಾ? ಇವಳಿಗೆಲ್ಲಿ ಗೊತ್ತು ದೆವ್ವ!” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಡಿ ನಡಿ, ಹೊತ್ತಾಯ್ತು.”

ಇಲ್ಲೇ ಇರಿ ಎನ್ನುವ ಹಾಗೆ ಮೇಡಂ ನನ್ನ ಕೈ ಹಿಡಿದರು. ಬಿಡಿಸಿಕೊಂಡೆ.

ಮಗಳು ಒಳಗಿದ್ದಾಳೆ. ಬೀಗದಕೈ ಅವನ ಜೇಬಿನಲ್ಲಿದೆ.