ಅರ್ಧ ಸ್ವರ ಕೆಳಗೆ

ಬೀರುವಿನ ಮೇಲಿಂದ ಅಣ್ಣನ ಗಿಟಾರಿನ ಪೆಟ್ಟಿಗೆಯನ್ನು ಎಳೆಯುವಾಗ ಪುಟ್ಟ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಇಪ್ಪತ್ತೆಂಟು ವರ್ಷದ ಧೂಳು ತಲೆಯ ಮೇಲೆ ಬೀಳುತ್ತದೆಂದು ಅವನ ಅಂದಾಜು. ಒಂದು ಚಿಟಿಕೆಯೂ ಬೀಳಲಿಲ್ಲ. ಪೆಟ್ಟಿಗೆ ನಿನ್ನೆಯಷ್ಟೇ ಒರೆಸಿಟ್ಟ ಹಾಗಿತ್ತು.

ವಯಸ್ಸು ಐವತ್ತು, ವಾದ್ಯವೃಂದದಲ್ಲಿ ಹೆಸರು ಮಾಡಿದ ಗಿಟಾರ್ ವಾದಕ. ಆದರೂ ಈ ಮನೆಯಲ್ಲಿ ಅವನು ಪುಟ್ಟನೇ. ಹಾಗೆ ಹೆಸರಿಟ್ಟ ಅಣ್ಣ ಮುಂದಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ. ರೇಡಿಯೋ, ಟೇಪ್ ರೆಕಾರ್ಡರ್, ಫ್ಯಾನು, ಯಾರು ಏನು ತಂದರೂ ರಿಪೇರಿ ಮಾಡಿಕೊಡುತ್ತಿದ್ದವನ ಎದೆಬಡಿತ ನಿನ್ನೆ ಬೆಳಿಗ್ಗೆ ಹೇಳದೆ ಕೇಳದೆ ನಿಂತುಬಿಟ್ಟಿತ್ತು. ಪಕ್ಕದಂಗಡಿಯ ದರ್ಜಿ, ತನ್ನ ಇಸ್ತ್ರಿಪೆಟ್ಟಿಗೆ ನಾಲ್ಕು ತಿಂಗಳಿಂದ ಇಲ್ಲೇ ಬಿದ್ದಿದೆಯೆಂದು ಬಾಯಿ ತಪ್ಪಿ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿ ಕಣ್ಣೊರೆಸಿಕೊಳ್ಳುತ್ತಿದ್ದ. ಗಾಡಿ ಬರುವುದಕ್ಕೆ ಇನ್ನು ಅರ್ಧ ಗಂಟೆಯೂ ಇರಲಿಲ್ಲ.

ಅಷ್ಟರೊಳಗೆ, ಅಣ್ಣತಮ್ಮಂದಿರು ದೊಡ್ಡವರೆಂದೇ ಕರೆಯುತ್ತಿದ್ದ ಗಿಟಾರ್ ವಾದಕರ ಒಂದು ತುಣುಕನ್ನು ಪುಟ್ಟ ಇದೇ ಗಿಟಾರಿನಲ್ಲಿ ನುಡಿಸಬೇಕು. ಅದು ಅಣ್ಣನ ಆಸೆಯಾಗಿತ್ತೆಂದು ಅತ್ತಿಗೆ ಹೇಳಿದ್ದರು.

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿಗಳ ಮೇಲೆ ಹೆಬ್ಬೆರಳು ಎಳೆದ. ಆರೂ ಒಂದಕ್ಕೊಂದು ಸರಿಯಾಗಿ ಕೂಡಿದ್ದವು; ಆದರೆ ಆರೂ ಅರ್ಧ ಸ್ವರ ಕೆಳಗೆ.

"ಶ್ರುತಿ ಇಳಿದಿದೆ, ಏರಿಸ್ಕೋ," ಎಂದ ಪಕ್ಕದಲ್ಲಿ ಕೂತಿದ್ದ ವೃಂದದ ಡ್ರಮ್ಮಿನವನು. ಪುಟ್ಟನ ಕೈ ತಾನಾಗಿ ತಂತಿ ಬಿಗಿಯುವ ಬಿರಡೆಗೆ ಹೋಯಿತು.

*

ದೊಡ್ಡವರನ್ನು ಅಣ್ಣತಮ್ಮ ಇಬ್ಬರೂ ಕಂಡದ್ದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಾತ್ರ. ಅದೂ ಅರ್ಧ ಮುಖ, ಉಳಿದರ್ಧ ಟೋಪಿ. ಭೂಮಿಯ ಮೇಲೆ ಗಿಟಾರ್ ಹಿಡಿದವರೆಲ್ಲ ಒಂದಲ್ಲ ಒಂದು ಸಲ ಅವರ ಹಾಗೆ ನುಡಿಸಲು ಹೋಗಿ ಕೈ ಸುಟ್ಟುಕೊಂಡವರೇ ಎಂದು ಅಣ್ಣ ಹೇಳುತ್ತಿದ್ದ. ಗುಜರಿಯಿಂದ ತಂದು ಜೋಡಿಸಿದ್ದ ಟೇಪ್ ರೆಕಾರ್ಡರಿನಲ್ಲಿ ಒಂದೊಂದು ಸಾಲನ್ನೂ ನೂರು ಸಲ ಹಿಂದಕ್ಕೆ ಸುತ್ತಿ, ಮೊದಲು ತಾನು ಹುಡುಕಿ, ಆಮೇಲೆ ಪುಟ್ಟನ ಬೆರಳು ಹಿಡಿದು ತಂತಿಯ ಮೇಲೆ ಕೂರಿಸುತ್ತಿದ್ದ. ಆ ರೆಕಾರ್ಡರಿನೊಳಗೆ ಟೇಪು ಓಡಿಸುವ ರಬ್ಬರ್ ಬೆಲ್ಟ್ ಸಡಿಲವಾಗಿತ್ತು. ಟೇಪು ನಿಧಾನವಾಗಿ ಓಡಿ ಸ್ವರ ಕೆಳಗಿಳಿಯುತ್ತಿತ್ತು. ಇಬ್ಬರಿಗೂ ಅದು ತಿಳಿಯದು. ಗಿಟಾರ್ ಟೇಪಿಗೆ ಹೊಂದದಿದ್ದಾಗ ಅಣ್ಣ ತಂತಿಗಳನ್ನೇ ಸಡಿಲಿಸಿದ. ದೊಡ್ಡವರು ತಪ್ಪುವುದುಂಟೆ?

ವೃಂದ ಸೇರಿದ ಮೊದಲ ದಿನವೇ ಪುಟ್ಟನಿಗೆ ಗುಟ್ಟು ಗೊತ್ತಾಯಿತು. ಯಾರೂ ಗಮನಿಸುವ ಮೊದಲೇ ಹೊರಗೆ ಹೋಗಿ ಶ್ರುತಿ ಏರಿಸಿಕೊಂಡು ಬಂದ. ಅಣ್ಣನಿಗೆ ಮಾತ್ರ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಎರಡು ವರ್ಷ ತಳ್ಳಿದ. ಒಂದು ದಿನ ಅಣ್ಣನೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಿಟಾರ್ ಹೊತ್ತುಕೊಂಡು ಅಭ್ಯಾಸದ ಕೋಣೆಗೆ ಬಂದ. ದೊಡ್ಡವರ ತುಣುಕು ನುಡಿಸತೊಡಗಿದ. ವೃಂದದವರು ಜೊತೆಗೂಡಿದರು, ಎರಡನೇ ಸಾಲಿಗೇ ಎಲ್ಲ ಅಪಸ್ವರ. ಎಲ್ಲರೂ ಪುಟ್ಟನ ಮುಖ ನೋಡಿದರು.

"ಊರಿನ ಟೇಪೆಲ್ಲ ರಿಪೇರಿ ಮಾಡ್ತಾನೆ, ಮನೇಲಿರೋ ಟೇಪು ಕುಂಟೋದು ಗೊತ್ತಿಲ್ಲ," ಎಂದ ಪುಟ್ಟ.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಣ್ಣನೂ ನಕ್ಕ, ನಗುತ್ತಲೇ ಗಿಟಾರನ್ನು ಪೆಟ್ಟಿಗೆಗೆ ಸೇರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ನುಡಿಸುವುದನ್ನು ಆಮೇಲಿನ ಇಪ್ಪತ್ತೆಂಟು ವರ್ಷದಲ್ಲಿ ಪುಟ್ಟ ಒಮ್ಮೆಯೂ ಕೇಳಲಿಲ್ಲ.

*

ನಾಲ್ಕು ತಂತಿ ಬಿಗಿದಾಗಿತ್ತು. ಅಷ್ಟರಲ್ಲಿ ಅತ್ತಿಗೆ ಆ ಹಳೆಯ ಟೇಪ್ ರೆಕಾರ್ಡರನ್ನೇ ತಂದು ಅವನ ಮುಂದಿಟ್ಟರು.

"ದಿನಾ ಮಧ್ಯಾಹ್ನ ಇದನ್ನ ಹಾಕ್ಕೊಂಡು ಜೊತೇಲಿ ನುಡಿಸ್ತಿದ್ರು. ನೀನು ಬರ್ತೀಯ ಅಂದ್ರೆ ಮಾತ್ರ ಗಿಟಾರ್ ಬೀರು ಮೇಲಿಡ್ತಿದ್ರು. ನಿನ್ನೆ ಜನ ಬರೋಕೆ ಶುರುವಾದಾಗ ನಾನೇ ಮೇಲಿಟ್ಟೆ."

ಪುಟ್ಟ ಟೇಪ್ ರೆಕಾರ್ಡರಿನ ಮುಚ್ಚಳ ಎತ್ತಿ ನೋಡಿದ. "ಬೆಲ್ಟು ಬದಲಾಯಿಸ್ಲಿಲ್ವಾ ಅತ್ತಿಗೆ?"

"ಅಂಗಡೀಲಿ ಡಬ್ಬದ ತುಂಬ ಹೊಸ ಬೆಲ್ಟಿದೆ. ನಾನೂ ಕೇಳ್ದೆ. ಬದಲಾಯಿಸಿದ್ರೆ ನಮ್ಮ ಪುಟ್ಟ ಕಲ್ತಿದ್ದು ಕೇಳಿಸಲ್ಲ ಕಣೇ ಅಂದ್ರು."

ಡ್ರಮ್ಮಿನವನು ಅವತ್ತು ನಕ್ಕವರಲ್ಲಿ ಒಬ್ಬ. ಪುಟ್ಟ ಅವನ ಕಡೆ ತಿರುಗಿದ.

"ನಾನೂ ಇದರಲ್ಲೇ ಕಲ್ತಿದ್ದು ಕಣೋ. ಮೊದಲ್ನೇ ದಿನ ನಂದೂ ಹೀಗೇ ಇತ್ತು. ಆಚೆ ಹೋಗಿ ಸರಿ ಮಾಡ್ಕೊಂಡು ಬಂದೆ. ಅಣ್ಣಂಗೆ ಹೇಳ್ಲಿಲ್ಲ."

ಡ್ರಮ್ಮಿನವನು ಟೇಪ್ ರೆಕಾರ್ಡರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ದರ್ಜಿ ಬಾಗಿಲಿಗೆ ಹೋಗಿ, ಇನ್ನು ಸ್ವಲ್ಪ ಹೊತ್ತು ಎಂದು ಕೈ ಮಾಡಿದ. ಅತ್ತಿಗೆ ಗುಂಡಿ ಒತ್ತಿದರು. ದೊಡ್ಡವರು ಕುಂಟುತ್ತ ಶುರು ಮಾಡಿದರು. ಪುಟ್ಟ ಅಣ್ಣನ ಪಕ್ಕ ನೆಲದ ಮೇಲೆ ಕೂತು, ಟೇಪಿಗೆ ಕಿವಿಗೊಟ್ಟು, ಬಿಗಿದಿದ್ದ ನಾಲ್ಕು ತಂತಿಗಳನ್ನೂ ಒಂದೊಂದಾಗಿ ಕೆಳಗಿಳಿಸತೊಡಗಿದ.