ಅರಿಶಿನದ ಹಾಡಿನ ಫೈಲು

ಭಾರತಿ ಒದ್ದೆ ಬಟ್ಟೆ ಹಿಂಡಿ, ಕೀಬೋರ್ಡುಗಳನ್ನು ಒಂದೊಂದಾಗಿ ಸದ್ದಿಲ್ಲದೆ ಒರೆಸುತ್ತ ಬಂದಳು. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಹಟ್ಟಿಕೇರಿಯಿಂದ ಬಸ್ಸು ಹಿಡಿದು ಕಾರವಾರದ ಈ ಸೈಬರ್ ಕೆಫೆಗೆ ಕಸ ಗುಡಿಸಲು ಬರುತ್ತಿದ್ದಳು. ಮೂಲೆಯ ಹಳೆಯ ಕಂಪ್ಯೂಟರಿಗೆ ಮೌಸ್ ಇರಲಿಲ್ಲ, ಬರೀ ಕಪ್ಪು ಪರದೆ. ಯಾರಿಗೂ ಬೇಡವಾದ ಅದನ್ನು ಮಾಲೀಕ ದತ್ತಾ ಅವಳಿಗೆ ಬಿಟ್ಟಿದ್ದ. ಅವನ ಬೆರಳು ನೋಡಿ ನೋಡಿಯೇ ಅವಳು ಫೈಲು ಮಾಡಲು ಕಲಿತಿದ್ದಳು.

ಫೈಲಿನ ಹೆಸರು `hadu`. ಮುಂದಿನ ವಾರ ಅಕ್ಕ ದುರ್ಗಿಯ ಮದುವೆ. ಅರಿಶಿನ ಹಚ್ಚುವಾಗ ಹೇಳುವ ಹಾಡು ಕೇರಿಯಲ್ಲಿ ಈಗ ಮಂಜಿ ಅಜ್ಜಿಗೊಬ್ಬಳಿಗೇ ಗೊತ್ತು; ಅವಳಿಗೋ ಉಬ್ಬಸ. ಅಜ್ಜಿ ಸಂಜೆಗೊಂದು ನುಡಿ ಹೇಳುವುದು, ಮರುದಿನ ಭಾರತಿ `cat >> hadu` ಎಂದು ಒತ್ತಿ ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಸೇರಿಸುವುದು. ಕೊನೆಗೆ ಪ್ರಿಂಟು ತೆಗೆದು ಹೆಂಗಸರಿಗೆ ಹಂಚಿದರಾಯಿತು. ತಾನು ಹಾಡಬೇಕಾಗಿಲ್ಲವಲ್ಲ ಎಂಬುದೇ ಅವಳ ಸಮಾಧಾನ.

ಆ ದಿನ ಅವಸರದಲ್ಲಿ ಎರಡು ಸಲ ಒತ್ತಬೇಕಿದ್ದ ಬಾಣದಂಥ `>` ಗುರುತನ್ನು ಒಂದೇ ಸಲ ಒತ್ತಿಬಿಟ್ಟಳು. ತೆರೆದು ನೋಡಿದರೆ ಹೊಸ ನುಡಿಯೊಂದೇ ಇತ್ತು.

"ಕಿತೆಂ ಗೋ, ಏನಾಯ್ತೇ, ದೆವ್ವ ಕಂಡವ್ರ ಹಾಂಗೆ ಕೂತೀ?" ದತ್ತಾ ಬಗ್ಗಿ ನೋಡಿದ. "ಅರೆ! ಎರಡು ಬಾಣ ಹಾಕಿದ್ರೆ ಕೆಳಗೆ ಸೇರ್ತದೆ. ಒಂದೇ ಹಾಕಿದ್ರೆ ಹಳೇದೆಲ್ಲಾ ಅಳಿಸಿ ಬರೀತದೆ."

"ವಾಪಸ್ ಬರೂದಿಲ್ವಾ, ದತ್ತಣ್ಣ?"

"ಇಲ್ಲ ಮಾರಾಯ್ತಿ. ಹೋದ್ದು ಹೋಯ್ತು." ಅವನು `set -C` ಎಂದು ಒತ್ತಿದ. "ದಿನಾ ಕೂತಕೂಡ್ಲೇ ಇದನ್ನ ಹಾಕು. ತಪ್ಪಿ ಒಂದೇ ಬಾಣ ಹಾಕಿದ್ರೆ ಕಂಪ್ಯೂಟರೇ ಬೇಡ ಅಂತದೆ."

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳ ತುಟಿ ತಾನಾಗಿ ಆಡತೊಡಗಿತು. ಅಕ್ಷರ ಹುಡುಕಿ ಹುಡುಕಿ ಒತ್ತಿದ ಸಾಲುಗಳು ಒಂದರ ಹಿಂದೊಂದು ಬಂದವು.

ಮನೆಯಲ್ಲಿ ವಿಷಯ ಕೇಳಿ ಅಜ್ಜಿ ಕೆಮ್ಮುತ್ತಲೇ ನಕ್ಕಳು. "ನುಂಗ್ತಾ ನಿನ್ನ ಪೆಟ್ಗೆ? ನಂಗೆ ಮರವು ಅಂತಿದ್ಯಲ್ಲೇ! ನಿನ್ನ ಬಾಯಲ್ಲಿ ಎಷ್ಟು ಉಳಿದದೆ, ಹೇಳು ನೋಡ್ವಾ."

ಭಾರತಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಸಣ್ಣ ದನಿಯಲ್ಲಿ ಮೊದಲ ನುಡಿ ಹೇಳಿದಳು, ಎರಡನೆಯದನ್ನೂ ಹೇಳಿದಳು. ಅಷ್ಟರಲ್ಲಿ ಬಾವಿಯಿಂದ ಬಂದ ದುರ್ಗಿ ಕೊಡ ಇಳಿಸದೆ ಹೊಸ್ತಿಲಲ್ಲೇ ನಿಂತಳು. ಭಾರತಿಗೆ ಮುಖವೆಲ್ಲ ಬಿಸಿಯಾಯಿತು, ಆದರೂ ನಿಲ್ಲಿಸಲಿಲ್ಲ, ದನಿ ಏರಿತು. ಅಜ್ಜಿ ಮೊಣಕಾಲ ಮೇಲೆ ತಾಳ ಹಾಕತೊಡಗಿದಳು.

ಮೂರನೆಯ ನುಡಿಯ ನಡುವೆ ಮಾತು ಸಿಕ್ಕಿಕೊಂಡಿತು. ಅಜ್ಜಿ ಕಣ್ಣು ಮುಚ್ಚಿದ್ದಳು. ತಾಳ ನಿಂತಿರಲಿಲ್ಲ.

"ಮುಂದಿಂದು ಹೇಳೇ, ಅಜ್ಜಿ," ಎಂದಳು ಭಾರತಿ.