ಮೂರನೇ ಸರದಿ

ಮಂಡಿಪೇಟೆಯ ಬೇಳೆ ವ್ಯಾಪಾರಿ ವಾಮದೇವಪ್ಪನಿಗೆ ಅರವತ್ತೈದನೇ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಶುರುವಾಯಿತು. ಅದೂ ಯಾರ ಮೇಲೆ ಅಂತೀರಿ? ಒಂದು ಆಟದ ಪೆಟ್ಟಿಗೆಯ ಮೇಲೆ.

ನಲವತ್ತು ವರ್ಷದಿಂದ ಅವನು ಸಂಜೆ ಏಳಕ್ಕೆ ಅಂಗಡಿಯಿಂದ ಬಂದು ಕೂತರೆ ಸಾಕು, ಹೆಂಡತಿ ಅಕ್ಕನಾಗಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು ಪಕ್ಕದಲ್ಲೇ ಕೂರುತ್ತಿದ್ದಳು. ಟಿವಿಯ ನ್ಯೂಸ್ ನೋಡುತ್ತಲೇ ಅವನು ಪೇಟೆಯ ಸುದ್ದಿ ಹೇಳುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ಆ ಹೂಂ ಇಲ್ಲದೆ ಮಹಾಶಯನಿಗೆ ಮಂಡಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸ ಸೊಸೆ ನಯನಾ ಹರಿಹರದ ತವರಿನಿಂದ ಬರುವಾಗ ಜಪಾನಿನ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದಳು. ಅದನ್ನು ಟಿವಿಗೆ ಸಿಕ್ಕಿಸಿದ್ದೇ ತಡ, ವಾಮದೇವಪ್ಪ ಗುಡುಗಿದ. "ಏಳಕ್ಕ ನ್ಯೂಸ್ ಐತೆ. ಟಿವಿ ಮುಟ್ಟಬ್ಯಾಡ್ರಿ."

"ಚಿಂತಿಲ್ಲ ಬಿಡ್ರಿ ಮಾವ," ಎಂದು ನಯನಾ ಅದನ್ನು ಕಿತ್ತು ಕೈಗೆತ್ತಿಕೊಂಡಳು. ಅದರಲ್ಲೇ ಇದ್ದ ಪುಟ್ಟ ಪರದೆ ಬೆಳಗಿತು. "ಜಪಾನ್‌ನಾಗ ಮನೆ ಸಣ್ಣವು, ಇರೋ ಒಂದು ಟಿವಿ ಮುಂದ ದೊಡ್ಡೋರು ಕೂತಿರ್ತಾರ. ಅದಕ್ಕ ಹಿಂಗೆ ಮಾಡ್ಯಾರಂತ. ರೈಲಿನಾಗ, ಅಡುಗೆಮನ್ಯಾಗ, ಎಲ್ಲಿ ಬೇಕಾದ್ರೂ ಆಡಬೋದು." ಎರಡು ಬದಿಯ ಹಿಡಿಗಳನ್ನು ಬಿಚ್ಚಿ ಒಂದನ್ನು ಅತ್ತೆಯ ಕೈಗಿಟ್ಟಳು.

ಅಂದಿನಿಂದ ಏಳಾದರೆ ಅತ್ತೆ ಸೊಸೆ ಅಡುಗೆಮನೆ ಸೇರುತ್ತಿದ್ದರು. ಮಂಡಕ್ಕಿ ತಟ್ಟೆ ಮಾತ್ರ ಅವನ ಮುಂದೆ ಬರುತ್ತಿತ್ತು. ಒಳಗಿನಿಂದ ಅಕ್ಕನಾಗಮ್ಮನ ನಗು ಕೇಳಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ತನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ.

ಒಂದು ಸಂಜೆ ತಡೆಯಲಾರದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಅಕ್ಕನಾಗಮ್ಮನ ಗಾಳ.

"ಕೊಳ್ಳಾಗ ಲಿಂಗ ಕಟ್ಕೊಂಡು ಮೀನು ಹಿಡೀತೀಯೇನೇ?"

"ಹಿಡಿದು ವಾಪಸ್ ನೀರಿಗೇ ಬಿಡ್ತೀನಿ ತಗೀರಿ."

"ನನ್ನ ಪಕ್ಕ ಕೂಡೋದು ಬಿಟ್ಟು, ಅಂಥಾದ್ದೇನೈತೆ ಅದರಾಗ?" ಮಾತು ಬಾಯಿ ಜಾರಿತು.

ಅಕ್ಕನಾಗಮ್ಮ ತಲೆ ಎತ್ತಿದಳು. "ನಲವತ್ತು ವರ್ಷ ನೀವು ಹೇಳಿದ್ರಿ, ನಾನು ಹೂಂ ಅಂದೆ. ಈ ಹುಡುಗಿ ಒಂದು ಮೀನು ಹಿಡಿದ ಕೂಡ್ಲೇ 'ಅತ್ತೆ, ಈಗ ನಿಮ್ಮ ಸರದಿ' ಅಂತಾಳ. ಈ ಮನ್ಯಾಗ ನಂಗೆ ಹಂಗ ಯಾರು ಅಂದಿದ್ರು, ಹೇಳ್ರಿ?"

ವಾಮದೇವಪ್ಪ ನಡುಮನೆಗೆ ಹೋಗಿ ನ್ಯೂಸ್ ಬಂದ್ ಮಾಡಿ, ರಿಮೋಟ್ ತಂದು ಹೆಂಡತಿಯ ಮುಂದಿಟ್ಟ. "ದೊಡ್ಡ ಟಿವ್ಯಾಗೇ ಆಡ್ರಿ. ನಾನೂ ಕೂಡ್ತೀನಿ."

"ಕೂಡ್ರಿ. ಮೊದ್ಲು ನಂದು, ಆಮ್ಯಾಲೆ ನಯನಾಂದು, ಆಮ್ಯಾಲೆ ನಿಮ್ದು."

ನ್ಯೂಸಿನ ಹೊತ್ತಿನಲ್ಲಿ, ತನ್ನದೇ ಟಿವಿಯ ಮುಂದೆ, ವಾಮದೇವಪ್ಪ ಸರದಿಗೆ ಕಾಯುತ್ತ ಕೂತ. ಅಕ್ಕನಾಗಮ್ಮ ದೊಡ್ಡ ಮೀನೊಂದನ್ನು ಎಳೆದು, ಸೊಸೆಯ ಕಡೆ ತಿರುಗಿ ನಕ್ಕಳು. ಆಮೇಲೆ ಆ ಮೀನಿನ ಸುದ್ದಿಯನ್ನು ಗಂಡನಿಗೆ ಮೊದಲಿನಿಂದ ಹೇಳತೊಡಗಿದಳು.

ಅವನಿಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಆದರೂ "ಹೂಂ" ಎಂದ.